ಸಂಬಳದ ಫಾರ್ವರ್ಡು ನಮ್ಮ ಮನೆಯಲ್ಲಿ ಉಂಡದ್ದು

ನನ್ನ ಜಾಗದಲ್ಲಿ ಆಡುವುದಕ್ಕೆ ಬೆಂಗಳೂರಿನಿಂದ ದುಡ್ಡು ಕೊಟ್ಟು ಒಬ್ಬನನ್ನು ಕರೆಸುತ್ತಿದ್ದಾರೆ ಎಂದು ನನಗೆ ಹೇಳಿದವನು ನಮ್ಮ ಟೀಮಿನ ಕ್ಯಾಪ್ಟನ್. ಕಡೂರಿನ ಬಸ್ ಸ್ಟ್ಯಾಂಡ್ ಹತ್ತಿರ ಅವನದೊಂದು ಪಂಕ್ಚರ್ ಅಂಗಡಿ ಇತ್ತು. ಲಾರಿಯ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಾ, ನನ್ನ ಮುಖ ನೋಡದೆ ಹೇಳಿದ.

"ಬೇಜಾರ್ ಮಾಡ್ಕೋಬೇಡ ಕಣೋ. ಈ ಸಲ ಸೆಂಟರ್ ಫಾರ್ವರ್ಡು ಹೊರಗಿಂದ ತರ್ಸ್ತಾ ಇದೀವಿ. ನೀನು ಎಕ್ಸ್‌ಟ್ರಾ ಆಗಿರು."

"ದುಡ್ಡು ಕೊಟ್ಟಾ?"

"ಮತ್ತೇನು, ನಿನ್ ಮುಖ ನೋಡಿ ಬತ್ತಾನಾ?"

ನನಗೆ ಆಗ ಇಪ್ಪತ್ತಮೂರು ವರ್ಷ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೊಬ್ಬರಿ ಮಂಡಿಯಲ್ಲಿ ತೂಕ ನೋಡುವ ಕೆಲಸ ಮಾಡುತ್ತಿದ್ದೆ. ಭದ್ರಾವತಿ ಹತ್ತಿರವಿದ್ದದ್ದರಿಂದ ಅಲ್ಲಿನ ಕಾರ್ಮಿಕರ ಫುಟ್‌ಬಾಲ್ ಹುಚ್ಚು ತರೀಕೆರೆ ದಾಟಿ ನಮ್ಮವರೆಗೂ ಬಂದಿತ್ತು. ವರ್ಷಕ್ಕೊಮ್ಮೆ ತರೀಕೆರೆಯ ಹೈಸ್ಕೂಲ್ ಮೈದಾನದಲ್ಲಿ ಟೂರ್ನಮೆಂಟ್ ನಡೆಯುತ್ತಿತ್ತು. ಮೂರು ವರ್ಷ ನಾನೇ ನಮ್ಮ ಸೆಂಟರ್ ಫಾರ್ವರ್ಡು. ಮೂರು ವರ್ಷವೂ ಮೊದಲನೇ ಮ್ಯಾಚಿನಲ್ಲೇ ಸೋತು, ಪುರಿ ತಿಂದುಕೊಂಡು ಬಸ್ಸು ಹತ್ತಿ ಬಂದಿದ್ದೆವು. ಅದು ನಿಜವೇ. ಹಾಗೆಂದು ನನ್ನ ಮೈ ಉರಿಯದೆ ಇರುತ್ತದೆಯೇ?

ಅಷ್ಟಕ್ಕೇ ಮುಗಿಯಲಿಲ್ಲ. ಆತ ಉಳಿದುಕೊಳ್ಳುವುದಕ್ಕೆ ಜಾಗ ಬೇಕಲ್ಲ. ಟೀಮಿನವರ ಮನೆಗಳಲ್ಲೆಲ್ಲ ಒಂದು ಕೋಣೆ ಹೆಚ್ಚಿಗೆ ಇದ್ದದ್ದು ನಮ್ಮದರಲ್ಲಿ ಮಾತ್ರ. ಕಾಯಿ ತುಂಬಿಡುವ ಕೋಣೆ ಅದು. ನನ್ನ ಜಾಗ ಕಿತ್ತುಕೊಳ್ಳುವವನಿಗೆ ನಾನೇ ಕಾಯಿ ಸರಿಸಿ, ಕಸ ಗುಡಿಸಿ, ಚಾಪೆ ಹಾಸಿಕೊಟ್ಟೆ. ನನ್ನಂಥ ದಡ್ಡ ಇನ್ನೊಬ್ಬ ಇರಲಿಕ್ಕಿಲ್ಲ.

ಬೆಳಗಿನ ರೈಲಿಗೆ ಬಂದಿಳಿದ. ಬೆಂಗಳೂರಿನ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯವನು, ತಮಿಳು ಬೆರೆತ ಕನ್ನಡ. ಸಂಬಳ ತೆಗೆದುಕೊಳ್ಳುವ ಆಟಗಾರ ಎಂದರೆ ಕುಸ್ತಿ ಪೈಲ್ವಾನನ ಹಾಗೆ ಇರುತ್ತಾನೆಂದು ನಾವೆಲ್ಲ ಅಂದುಕೊಂಡಿದ್ದೆವು. ಬಂದವನು ಸಣಕಲ. ಕೆನ್ನೆ ಒಳಗೆ ಹೋಗಿತ್ತು, ಕಾಲು ಎರಡೂ ಬಿಲ್ಲಿನ ಹಾಗೆ ಬಾಗಿದ್ದವು. ಕೈಯಲ್ಲೊಂದು ಬಟ್ಟೆ ಚೀಲ, ಚೀಲದೊಳಗೆ ಪೇಪರು ಸುತ್ತಿದ ಬೂಟು. ಎಲ್ಲರನ್ನೂ 'ಬ್ರದರ್' ಎನ್ನುತ್ತಿದ್ದ, ಅವ್ವನನ್ನು ಮಾತ್ರ 'ಅಮ್ಮ' ಎಂದ. ಅವ್ವ ದೇವನೂರಿನ ಕಡೆಯವಳು. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದರೆ ಅವಳಿಗೆ ಆ ದಿನವೆಲ್ಲ ಸಮಾಧಾನವಿರುವುದಿಲ್ಲ. ಅವನನ್ನು ನೋಡಿದ ಕೂಡಲೇ ಅವಳು ಹೇಳಿದ್ದು ಒಂದೇ ಮಾತು: "ಅಯ್ಯೋ ಶಿವನೇ, ಇದಕ್ಕೆ ಊಟ ಹಾಕೋರು ಯಾರೂ ಇಲ್ವೇನೋ?"

ಅವತ್ತೇ ಮಧ್ಯಾಹ್ನ ಮೊದಲನೇ ಮ್ಯಾಚು. ರೈಲಿನಿಂದ ಇಳಿದವನು ಮುಖ ತೊಳೆದು, ಎರಡು ಬಾಳೆಹಣ್ಣು ತಿಂದು, ಟೀ ಕುಡಿದು ನಮ್ಮ ಜೊತೆ ಹೊರಟ. ಆಡಿದ ನೋಡಿ! ನಾನು ಹಗ್ಗದ ಆಚೆ ಕೂತು, ಇವನು ಎಡವಲಿ, ಬೀಳಲಿ ಎಂದು ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಚೆಂಡು ಕಾಲಿಗೆ ಬಂದ ಕೂಡಲೇ ಆ ಬಾಗಿದ ಕಾಲುಗಳು ಏನು ಮಾಡುತ್ತಿದ್ದವೋ, ಎದುರಿಗಿದ್ದವನು ಒಂದು ಕಡೆ ಹೋಗುತ್ತಿದ್ದ, ಇವನು ಇನ್ನೊಂದು ಕಡೆ ದಾಟಿರುತ್ತಿದ್ದ. ಎರಡು ಗೋಲು ಹೊಡೆದ. ಎರಡನೆಯದಕ್ಕೆ ನಾನೂ ಎದ್ದು ನಿಂತು ಕೂಗಿಬಿಟ್ಟೆ. ಆಮೇಲೆ ನಾಚಿಕೆಯಾಗಿ ಕೂತೆ.

ಮಾರನೇ ದಿನ ಬೆಳಿಗ್ಗೆ ಅವನು ಮಂಡಿಯ ಅಂಗಳದಲ್ಲಿ ಸುತ್ತು ಹೊಡೆಯುತ್ತಿದ್ದ. ನಾನು ಬೀಗ ತೆಗೆಯಲು ಹೋದವನು ನಿಂತು ನೋಡಿದೆ. ಓಟ ಮುಗಿಸಿ ಬಂದು ತಕ್ಕಡಿಯ ಪಕ್ಕದ ಕಟ್ಟೆ ಮೇಲೆ ಕೂತ. ನಾನು ಕುಟುಕುವುದಕ್ಕೆಂದೇ ಕೇಳಿದೆ.

"ದುಡ್ಡು ಕೊಟ್ರೆ ಹಿಂಗೆ ಓಡ್ಬೋದು ಅಲ್ವಾ?"

ಅವನಿಗೆ ಸಿಟ್ಟು ಬರಲಿಲ್ಲ. "ದುಡ್ಡು ಕೊಟ್ರೆ ಬರ್ತೀವಿ ಬ್ರದರ್. ಓಡೋದು ಬೇರೆ. ಬಾಲ್ ಕಾಲಿಗೆ ಬಂದಾಗ ದುಡ್ಡು ಯಾರಿಗೆ ಜ್ಞಾಪಕ ಇರುತ್ತೆ?"

ಆಮೇಲೆ ತನ್ನ ವಿಷಯ ಹೇಳಿದ. ಹದಿನಾರನೇ ವಯಸ್ಸಿನಿಂದ ಹೀಗೆ ಊರೂರಿಗೆ ಬಾಡಿಗೆಗೆ ಆಡುತ್ತಿದ್ದನಂತೆ. ಒಂದು ಮ್ಯಾಚಿಗೆ ಸಿಗುವ ದುಡ್ಡು ಕೇಳಿದವರಿಗೆ ದೊಡ್ಡದು, ಆದರೆ ವರ್ಷದಲ್ಲಿ ಎಷ್ಟು ಮ್ಯಾಚು? ಮಳೆಗಾಲದಲ್ಲಿ ಪೇಂಟಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗಳು. ಭದ್ರಾವತಿಯ ಕಾರ್ಖಾನೆಯೊಂದರ ಟೀಮಿಗೆ ಆಟಗಾರರನ್ನು ಆರಿಸುವವರು ಈ ಟೂರ್ನಮೆಂಟಿನ ಫೈನಲ್ ನೋಡಲು ಬರುತ್ತಾರಂತೆ. ಅವರ ಕಣ್ಣಿಗೆ ಬಿದ್ದರೆ ಕೆಲಸ, ಪರ್ಮನೆಂಟ್ ಕೆಲಸ. ಅದಕ್ಕೆ ವಯಸ್ಸಿನ ಮಿತಿ ಇತ್ತು. ಇನ್ನು ಎರಡು ತಿಂಗಳಿಗೆ ಅವನದು ಮೀರುತ್ತಿತ್ತು.

"ನಿಮ್ಮೂರಿಗೆ ಅದಕ್ಕೇ ಬಂದಿದ್ದು ಬ್ರದರ್. ಇದೇ ಲಾಸ್ಟ್. ಕಾಲು ಇನ್ನು ಎಷ್ಟು ದಿನ ಬರುತ್ತೆ? ಕೆಲಸ ಅಂದ್ರೆ ತಲೆ ಹಣ್ಣಾಗೋವರ್ಗೂ ಬರುತ್ತೆ."

ನಾನು ಅವನಿಗೊಂದು ಬಾಳೆಹಣ್ಣು ಕೊಟ್ಟೆ. ಸುಲಿಯುತ್ತಾ ಅವನು ನನ್ನ ಹತ್ತಿರ ಒಂದು ಸಹಾಯ ಕೇಳಿದ.

"ಮ್ಯಾಚ್ ದಿನ ನಾನು ಊಟ ಮಾಡಲ್ಲ ಬ್ರದರ್. ಎರಡು ಬಾಳೆಹಣ್ಣು, ಟೀ, ಅಷ್ಟೇ. ಹೊಟ್ಟೆ ತುಂಬಿದ್ರೆ ನನ್ ಕಾಲು ಏಳೋದೇ ಇಲ್ಲ. ಅಮ್ಮ ತಟ್ಟೆ ಇಟ್ರೆ ಬೇಡ ಅನ್ನೋಕೆ ನನಗೆ ಬರಲ್ಲ. ನಮ್ಮಮ್ಮ ನಾಲ್ಕು ಮನೆ ಪಾತ್ರೆ ತೊಳೆದು ಅನ್ನ ತರ್ತಿದ್ರು. ತಟ್ಟೆ ಮುಂದೆ ಕೂತ್ಕೊಂಡು ಬೇಡ ಅಂದ್ರೆ ಹೊಡೀತಿದ್ರು. ನೀವೇ ಸ್ವಲ್ಪ ಹೇಳ್ಬಿಡಿ."

"ಹೇಳ್ತೀನಿ ಬಿಡಿ" ಎಂದೆ. ಆಗ ನಿಜವಾಗಿಯೂ ಹೇಳುವ ಮನಸ್ಸೇ ಇತ್ತು.

ಸೆಮಿಫೈನಲ್ ಅಜ್ಜಂಪುರದವರ ಮೇಲೆ. ಅವತ್ತು ಬೆಳಿಗ್ಗೆ ಅವ್ವ ಅಕ್ಕಿ ರೊಟ್ಟಿ ತಟ್ಟಲು ಶುರು ಮಾಡಿದಾಗ ನಾನೇ ಅಡ್ಡ ಹೋದೆ. "ಅವರಿಗೆ ಹೊಟ್ಟೆ ಸರಿಯಿಲ್ಲ ಕಣವ್ವ, ಬಲವಂತ ಮಾಡ್ಬೇಡ" ಎಂದೆ. ಅವ್ವನ ಮುಖ ಸಣ್ಣದಾಯಿತು. "ಬೆಂಗ್ಳೂರೋರಿಗೆ ನಮ್ಮನೆ ಊಟ ಎಲ್ಲಿ ಸೇರುತ್ತೆ" ಎಂದು ಒಲೆ ಮುಂದೆ ಗೊಣಗಿಕೊಂಡಳು. ಅವನು ಬಾಳೆಹಣ್ಣು ತಿಂದು ಆಡಿದ. ಅಜ್ಜಂಪುರದವರು ಗಟ್ಟಿ ಆಳುಗಳು. ಅವನನ್ನು ನಾಲ್ಕು ಸಲ ಕೆಡವಿದರು, ಮೊಣಕಾಲು ತರಚಿ ರಕ್ತ ಬಂತು. ಕೊನೆಗೆ ಒಂದೇ ಗೋಲು, ಅದೂ ಇವನದೇ. ಕಡೂರು ಫೈನಲಿಗೆ ಬಂತು! ನಮ್ಮ ಊರು ಯಾವುದರಲ್ಲಾದರೂ ಫೈನಲಿಗೆ ಬಂದದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಆ ಖುಷಿಯೇ ನನಗೆ ಮುಳುವಾಯಿತು. ಊರೆಲ್ಲ ಅವನ ಹೆಸರೇ. ಟೀ ಅಂಗಡಿಯಲ್ಲಿ ಅವನಿಗೆ ದುಡ್ಡು ಕೇಳುತ್ತಿರಲಿಲ್ಲ. ಮಂಡಿಗೆ ಬಂದವರು ನನ್ನ ತಕ್ಕಡಿಯ ಮುಂದೆಯೇ ನಿಂತು, "ಮೂರ್ ವರ್ಷದಿಂದ ಇಂಥೋನು ಇದ್ದಿದ್ರೆ ಕಪ್ಪು ಯಾವತ್ತೋ ಬತ್ತಿತ್ತು" ಎನ್ನುತ್ತಿದ್ದರು. ಮೂರು ವರ್ಷ ಆಡಿದವನು ಎದುರಿಗೇ ಇದ್ದಾನೆ ಎಂದು ಅವರಿಗೆ ನೆನಪಿರುತ್ತಿತ್ತೋ ಇಲ್ಲವೋ. ಜೊತೆಗೆ ಕ್ಯಾಪ್ಟನ್ ಬಾಯಿ ಬಿಟ್ಟ: ಫೈನಲಿಗೆ ಅವನಿಗೆ ಮುನ್ನೂರು ರೂಪಾಯಿ. ಸುದ್ದಿ ನಮ್ಮ ಮನೆಗೂ ಬಂತು. ಅಪ್ಪ ಉಣ್ಣುತ್ತಾ ಉಣ್ಣುತ್ತಾ, ಸುಮ್ಮನೆ ಹೇಳುವ ಹಾಗೆ ಹೇಳಿದರು.

"ಒಂದೂವರೆ ಗಂಟೆ ಆಟಕ್ಕೆ ಮುನ್ನೂರು. ನೀನು ತಿಂಗ್ಳು ಪೂರಾ ಕೊಬ್ರಿ ತೂಗಿದ್ರೂ ಅಷ್ಟು ಬರಲ್ವಲ್ಲೋ."

ಅಪ್ಪ ಅದನ್ನು ಕುಹಕಕ್ಕೆ ಹೇಳಿದ್ದಲ್ಲ. ಆದರೆ ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅವನು ಎದುರಿಗೇ ಕೂತು ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನ ಮೊಣಕಾಲಿನ ಪಟ್ಟಿ ನನಗೆ ಕಾಣುತ್ತಿತ್ತು, ಹೆಂಡತಿ ಮಗಳ ವಿಷಯ ಗೊತ್ತಿತ್ತು, ಎರಡು ತಿಂಗಳ ಲೆಕ್ಕ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಹೊಟ್ಟೆಕಿಚ್ಚು ಪಟ್ಟೆ. ಈಗ ಇದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯುವುದಿಲ್ಲ.

ಫೈನಲ್ ಭಾನುವಾರ ನಾಲ್ಕು ಗಂಟೆಗೆ, ತರೀಕೆರೆಯವರ ಮೇಲೆ. ಮಂಡಿಯ ಲಾರಿ ಒಂದು ಗಂಟೆಗೆ ಹೊರಡುವುದಿತ್ತು. ಬೆಳಿಗ್ಗೆ ಎದ್ದರೆ ಮನೆಯೆಲ್ಲ ಬೆಲ್ಲದ ವಾಸನೆ. ಅವ್ವ ಕಾಯಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ನಮ್ಮ ಬೀದಿಯ ಪದ್ಧತಿ ಅದು: ಯಾರದಾದರೂ ಮನೆಗೆ ದೂರದ ನೆಂಟ ಬಂದು ಊರಿಗೊಂದು ಒಳ್ಳೆಯದು ಮಾಡಿದರೆ, ಹೊರಡುವ ಮುಂಚೆ ಸಿಹಿ ಉಣ್ಣಿಸಬೇಕು. ಆ ಮನೆಯವರಷ್ಟೇ ಅಲ್ಲ, ಎದುರು ಮನೆಯವರೂ ಕರೆಯಬೇಕು. ಕರೆದರೆ ನೆಂಟ ಹೋಗಲೇಬೇಕು. ಬಡಿಸುವಾಗ ಎಲೆಯ ಮೇಲೆ ಕೈ ಅಡ್ಡ ಇಟ್ಟರೆ ಅದು ಬೇಡ ಎಂಬ ಅರ್ಥವಲ್ಲ, ಸಂಕೋಚ ಎಂಬ ಅರ್ಥ. ಕೈಯ ಪಕ್ಕದಲ್ಲಿ ಬಡಿಸಿ ಮುಂದೆ ಹೋಗುತ್ತಾರೆ.

ಅವ್ವ ನನ್ನನ್ನು ಕೇಳಿದಳು. ಕೇಳಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ.

"ಹೊಟ್ಟೆ ಈಗ ಸರಿಯಾಗಿದ್ಯಂತೇನೋ ಆ ಹುಡ್ಗಂದು?"

"ಸರಿಯಾಗಿದೆ ಕಣವ್ವ" ಎಂದೆ.

ಅಷ್ಟೇ. ಎರಡು ಮಾತು. ಹೇಳಿ ಹಿತ್ತಿಲಿಗೆ ಹೋಗಿ ಕೈಕಾಲು ತೊಳೆದುಕೊಂಡೆ. ಒಂದು ಹೊಟ್ಟೆ ಊಟದಿಂದ ಯಾರ ಬದುಕು ಮುಳುಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ದಿನವಾದರೂ ಇವನೂ ನನ್ನ ಹಾಗೆ ಆಡಲಿ, ಜನ ನೋಡಲಿ ಎಂಬುದು ಅದರ ಕೆಳಗಿದ್ದ ಮಾತು.

ಹನ್ನೊಂದೂವರೆಗೆ ಅವನನ್ನು ಕರೆದು ಎಲೆ ಹಾಕಿದರು. ಅವನು ಎಲೆ ನೋಡಿದ, ಅವ್ವನ ಮುಖ ನೋಡಿದ. ಅವಳು ಹಬ್ಬದ ಸೀರೆ ಉಟ್ಟಿದ್ದಳು. ಸುಮ್ಮನೆ ಕೂತ. ಮೊದಲನೇ ಹೋಳಿಗೆ ಹಾಲು ತುಪ್ಪದಲ್ಲಿ ತಿಂದ. ಎರಡನೆಯದು ಬಂತು. "ಅಮ್ಮ, ಸಾಕು" ಎಂದು ಕೈ ಅಡ್ಡ ಇಟ್ಟ. ಅವ್ವ ನಕ್ಕು, "ಅದೇನಪ್ಪಾ ನಾಚ್ಕೊಂತೀಯ, ತಾಯಿ ಹಾಕಿದ್ದು ಅಂತ ತಿನ್ನು" ಎಂದು ಕೈ ಪಕ್ಕದಲ್ಲಿ ಹಾಕಿದಳು. ತಾಯಿ ಎಂದ ಮೇಲೆ ಅವನು ಇನ್ನೇನು ಮಾಡಿಯಾನು? ತಿಂದ. ಮೂರನೆಯದು ಬೀಳುವಾಗ ತಲೆಯೆತ್ತಿ ನನ್ನ ಮುಖ ನೋಡಿದ.

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಕೈ ತೊಳೆಯುವುದರೊಳಗೆ ಎದುರು ಮನೆಯ ಯಗಟಿಯಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ಯಗಟಿಯಿಂದ ಮದುವೆಯಾಗಿ ಬಂದವಳು, ಬೀದಿಗೆಲ್ಲ ಅಕ್ಕ, ಕಂಠ ದೊಡ್ಡದು. "ಏನ್ರೀ, ನೀವೇ ಎಲ್ಲಾ ತಿನ್ನಿಸಿ ಕಳಿಸ್ಬಿಟ್ರೆ ನಮ್ ಕೋಳಿ ಏನ್ಮಾಡ್ಲಿ? ಬಾರಪ್ಪ, ಒಂದ್ ಮುದ್ದೆ ಮುರ್ದು ಹೋಗು" ಎಂದಳು. ಅಲ್ಲಿ ಬಿಸಿ ಮುದ್ದೆ, ನಾಟಿಕೋಳಿ ಸಾರು. ನಾನು ಜೊತೆಗೆ ಹೋಗಲಿಲ್ಲ. ಅವನು ಹೊರಗೆ ಬಂದಾಗ ಹಣೆಯ ಮೇಲೆ ಬೆವರಿತ್ತು, ಒಂದು ಕೈ ಸೊಂಟದ ಮೇಲಿತ್ತು. ಬೀದಿಯ ಹೆಂಗಸರೆಲ್ಲ ಅವನನ್ನು ನೋಡಿ ತೃಪ್ತಿಯಿಂದ ನಿಂತಿದ್ದರು.

ಲಾರಿಯಲ್ಲಿ ಅವನು ಒಂದು ಮೂಲೆಗೆ ಒರಗಿ ಕೂತ. ಬೀರೂರು ದಾಟಿದ ಮೇಲೆ ರಸ್ತೆ ಹಾಳು. ಪ್ರತಿ ಗುಂಡಿಗೂ ಕಣ್ಣು ಮುಚ್ಚಿ ಲಾರಿಯ ಸರಳು ಹಿಡಿದುಕೊಳ್ಳುತ್ತಿದ್ದ. ಹುಡುಗರು ಜೈಕಾರ ಹಾಕುತ್ತಿದ್ದರು.

ಆಟ ಶುರುವಾಗಿ ಹತ್ತು ನಿಮಿಷಕ್ಕೆ ಎಲ್ಲರಿಗೂ ಗೊತ್ತಾಯಿತು. ಅವನ ಕಾಲಿಗೆ ಚೆಂಡು ಬಂತು, ಎದುರಿಗೆ ಒಬ್ಬನೇ ಇದ್ದ. ಎರಡು ಹೆಜ್ಜೆ ಹಾಕಿದ, ಪಕ್ಕೆ ಹಿಡಿದುಕೊಂಡು ನಿಂತ. ಚೆಂಡು ಹೋಯಿತು. ಇನ್ನೊಂದು ಸಲ ಒಳ್ಳೆಯ ಪಾಸು ಮುಂದಕ್ಕೆ ಬಂತು, ಅವನು ಓಡಿದ್ದನ್ನು ಓಟ ಎನ್ನಲಾಗದು. ತರೀಕೆರೆಯವರು ನಗಲು ಶುರು ಮಾಡಿದರು. ಅವರು ನಕ್ಕರೆ ನಗಲಿ. ನಮ್ಮವರೇ, ಕಡೂರಿನಿಂದ, ಪಂಚನಹಳ್ಳಿಯಿಂದ ಬಸ್ಸು ಹತ್ತಿ ಬಂದವರೇ, ಹಗ್ಗದ ಪಕ್ಕ ನಿಂತು ಕೂಗಿದರು.

"ಲೇ, ದುಡ್ಡು ಎಣಿಸ್ಕೊಂಡಾಯ್ತಲ್ಲ, ಇನ್ಯಾಕೆ ಓಡ್ತೀಯ!"

"ಮುನ್ನೂರು ರೂಪಾಯಿ ಜೇಬಲ್ಲಿ ಭಾರ ಆಗಿರ್ಬೇಕು ಕಣ್ರೋ!"

ಕಾರ್ಖಾನೆಯವರು ಬಂದಿದ್ದರು. ಬಿಳಿ ಶರ್ಟು ತೊಟ್ಟ ವಯಸ್ಸಾದ ಒಬ್ಬರು, ಮೇಜಿನ ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಒಂದು ಸಣ್ಣ ಪುಸ್ತಕ. ಮೊದಲ ಹದಿನೈದು ನಿಮಿಷ ಪೆನ್ನು ಕೈಯಲ್ಲಿತ್ತು. ಆಮೇಲೆ ಜೇಬಿಗೆ ಹೋಯಿತು. ನಾನು ಆಟ ನೋಡುವುದು ಬಿಟ್ಟು ಆ ಪೆನ್ನನ್ನೇ ನೋಡುತ್ತಿದ್ದೆ. ನಮ್ಮ ಮೇಲೆ ಒಂದು ಗೋಲಾಯಿತು, ಅದೂ ನನಗೆ ಸರಿಯಾಗಿ ಕಾಣಲಿಲ್ಲ.

ಹಾಫ್ ಟೈಮಿನಲ್ಲಿ ಅವನು ಹುಣಸೇಮರದ ಹಿಂದೆ ಹೋಗಿ ವಾಂತಿ ಮಾಡಿದ. ನಾನು ನೀರು ತೆಗೆದುಕೊಂಡು ಹೋದೆ. ಮರಕ್ಕೆ ಕೈ ಕೊಟ್ಟು ಬಗ್ಗಿದ್ದವನು, "ಹೋದ್ರಾ ಅವ್ರು?" ಎಂದು ಕೇಳಿದ. ತಿರುಗಿ ನೋಡಿದೆ. ಕುರ್ಚಿ ಖಾಲಿ. ಬಿಳಿ ಶರ್ಟಿನವರು ಗೇಟಿನ ಹತ್ತಿರ ಯಾರನ್ನೋ ಬಸ್ಸಿನ ಹೊತ್ತು ಕೇಳುತ್ತಿದ್ದರು. "ಇಲ್ಲ, ಇದಾರೆ" ಎಂದೆ. ಅವನೂ ತಿರುಗಿ ನೋಡಿದ.

ಆಗಲೂ ನಾನು ಓಡಿಹೋಗಿ, 'ಸಾರ್, ಇವರಿಗೆ ಮೈ ಸರಿಯಿಲ್ಲ, ಮೊನ್ನೆ ಆಡಿದ್ದು ನೋಡಬೇಕಿತ್ತು' ಎನ್ನಬಹುದಿತ್ತು. ಗೇಟು ನೂರು ಹೆಜ್ಜೆಯೂ ಇರಲಿಲ್ಲ. ಕ್ಯಾಪ್ಟನ್ ಬಂದ. ಅವನ ಮುಖ ಕೆಂಪಾಗಿತ್ತು.

"ಏನ್ರೀ, ತಮಾಷೆ ಮಾಡ್ತಿದೀರಾ? ಊರೋರು ಚಂದಾ ಎತ್ತಿ ಕೊಟ್ಟ ದುಡ್ಡು ಇದು!"

'ಊಟ ಹೆಚ್ಚಾಯಿತು' ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಬಾಯಿ ಒರೆಸಿಕೊಂಡು, "ಸಾರಿ ಬ್ರದರ್, ಇವತ್ತು ಆಗ್ತಿಲ್ಲ" ಎಂದಷ್ಟೇ ಹೇಳಿದ. ಕ್ಯಾಪ್ಟನ್ ನನ್ನ ಕಡೆ ತಿರುಗಿ, "ನೀನು ಇಳಿಯೋ" ಎಂದ.

ನನ್ನ ಜಾಗ ನನಗೆ ವಾಪಸ್ ಬಂತು. ಆ ನಲವತ್ತೈದು ನಿಮಿಷ ಏನು ಆಡಿದೆನೋ ದೇವರಿಗೇ ಗೊತ್ತು. ಚೆಂಡು ಏಳೆಂಟು ಸಲ ಕಾಲಿಗೆ ಸಿಕ್ಕಿರಬೇಕು. ಅವನು ಹಗ್ಗದ ಪಕ್ಕ ಹೊಟ್ಟೆ ಹಿಡಿದುಕೊಂಡು ನಿಂತು, "ಲೆಫ್ಟ್ ಬ್ರದರ್! ಲೆಫ್ಟ್ ಖಾಲಿ!" ಎಂದು ಕೂಗುತ್ತಿದ್ದ. ಒಂದು ಸಲ ನಾನು ಗುರಿಯಿಟ್ಟು ಹೊಡೆದದ್ದು ಕಂಬದ ಪಕ್ಕದಲ್ಲಿ ಹೋಯಿತು. ಇಡೀ ಮೈದಾನದಲ್ಲಿ ಅದಕ್ಕೆ ಚಪ್ಪಾಳೆ ತಟ್ಟಿದವನು ಅವನೊಬ್ಬ. ಎರಡು ಗೋಲಿನಿಂದ ಸೋತೆವು.

ವಾಪಸ್ ಹೊರಡುವಾಗ ಕ್ಯಾಪ್ಟನ್ ಕವರನ್ನು ಅವನ ಕಡೆ ಎಸೆದ ಹಾಗೆ ಕೊಟ್ಟ. ಬೇಡ ಎನ್ನುತ್ತಾನೆಂದು ಎಲ್ಲರೂ ಕಾಯುತ್ತಿದ್ದರು. ಅವನು ತೆಗೆದುಕೊಂಡು ಚೀಲದೊಳಗೆ, ಬೂಟಿನ ಪಕ್ಕ ಇಟ್ಟುಕೊಂಡ. "ನಾಚ್ಕೆ ಮಾನ ಇಲ್ವಲ್ಲೋ" ಎಂದು ಒಬ್ಬ ಜೋರಾಗಿಯೇ ಅಂದ. ನನಗೆ ಮಂಡಿಯ ಕಟ್ಟೆ ನೆನಪಾಯಿತು. ದುಡ್ಡು ಕೊಟ್ಟದ್ದಕ್ಕೆ ಅವನು ಬಂದಿದ್ದ. ಓಡಲು ಬಿಡದೆ ಇದ್ದವನು ನಾನು.

ಮಾರನೇ ದಿನ ಬೆಳಗಿನ ರೈಲಿಗೆ ಸ್ಟೇಷನ್ನಿಗೆ ನಾನೊಬ್ಬನೇ ಹೋದೆ. ಅವ್ವ ಒಂದು ಚೀಲ ಕಾಯಿ ಕೊಟ್ಟಿದ್ದಳು, ಮಗಳಿಗೆಂದು ಒಂದು ಪೊಟ್ಟಣದಲ್ಲಿ ಹೋಳಿಗೆ. ರೈಲು ಬರುವುದು ಕಾಣಿಸಿದಾಗ ಅವನು ಕೇಳಿದ.

"ಅಮ್ಮಂಗೆ ಹೇಳೋದು ಮರ್ತೋಯ್ತಾ ಬ್ರದರ್?"

ಕೋಪವಿರಲಿಲ್ಲ ಆ ಮಾತಿನಲ್ಲಿ. ನಾನು ತಪ್ಪಿಸಿಕೊಳ್ಳಲೆಂದು ಅವನೇ ಒಂದು ದಾರಿ ಮಾಡಿಕೊಡುತ್ತಿದ್ದ. ನಾನು ಆ ದಾರಿ ಹಿಡಿದೆ.

"ಹೂಂ. ಮರ್ತೋಯ್ತು."

"ಆಗುತ್ತೆ. ಈಗ ಹೇಳ್ಬೇಡಿ ಅವ್ರಿಗೆ. ನೊಂದ್ಕೋತಾರೆ. ಊಟ ತುಂಬಾ ಚೆನ್ನಾಗಿತ್ತು ಅಂತ ಹೇಳಿ."

ರೈಲು ಹತ್ತಿ ಕಾಯಿಯ ಚೀಲ ಒಳಗೆ ಎಳೆದುಕೊಂಡ. ಕೈಯೆತ್ತಿದ. ಆಮೇಲೆ ಅವನನ್ನು ನಾನು ನೋಡಲಿಲ್ಲ. ಆ ಕೆಲಸ ಅವನಿಗೆ ಸಿಗಲಿಲ್ಲವೆಂದು ಮುಂದಿನ ವರ್ಷ ಭದ್ರಾವತಿಯಿಂದ ಬಂದ ಆಟಗಾರನೊಬ್ಬ ಹೇಳಿದ. ವಯಸ್ಸು ಮೀರಿತಂತೆ.

ಊರಿನವರು ಅವನನ್ನು ಮರೆಯಲಿಲ್ಲ, ಮರೆತಿದ್ದರೆ ಚೆನ್ನಾಗಿತ್ತು. ಕೆಲಸಗಳ್ಳ ಆಳಿಗೆ, ಸಂಬಳ ಬಂದ ಮೇಲೆ ಕ್ಲಾಸಿಗೆ ಹೋಗದ ಮೇಷ್ಟರಿಗೆ, ಎಲ್ಲರಿಗೂ 'ಬೆಂಗಳೂರು ಫಾರ್ವರ್ಡು' ಎಂದು ಹೆಸರಿಟ್ಟರು. ಅವನ ಪರವಾಗಿ ಮಾತಾಡುತ್ತಿದ್ದವಳು ಅವ್ವ ಒಬ್ಬಳೇ. "ದುಡ್ಡಿನ ಮನುಷ್ಯ ಅಲ್ಲ ಕಣ್ರೀ ಅದು. ನಾ ಹಾಕಿದ್ದು ಒಂದ್ ಚೂರೂ ಬಿಡ್ದೆ ತಿಂತು. ಅಂಥೋರು ಮೋಸ ಮಾಡಲ್ಲ" ಎನ್ನುತ್ತಿದ್ದಳು. ಅವಳು ಹಾಗೆಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಆರೇಳು ವರ್ಷ ಕಳೆದಿರಬೇಕು. ಊರಿಗೆ ಟೀವಿ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಕಟಿಂಗ್ ಶಾಪಿನಲ್ಲಿ ಪೇಪರು ಓದುತ್ತಿದ್ದವನೊಬ್ಬ, ಹೊರದೇಶದ ಯಾವನೋ ಫುಟ್‌ಬಾಲ್ ಆಟಗಾರನ ಫೋಟೋ ತೋರಿಸಿ, ಲಕ್ಷಗಟ್ಟಲೆ ಸಂಬಳವಂತೆ, ಗೋಲಿನ ಮುಂದೆ ನಿಂತು ಹೊಡೆಯಲಾರದೆ ಹೋದನಂತೆ ಎಂದ. "ದುಡ್ಡು ಜಾಸ್ತಿ ಆದ್ರೆ ಮೈ ಬಗ್ಗಲ್ಲ. ನಮ್ ಬೆಂಗ್ಳೂರು ಫಾರ್ವರ್ಡು ನೋಡ್ಲಿಲ್ವೇನ್ರೋ?" ಎಂದು ಎಲ್ಲರೂ ನಕ್ಕರು. ನನ್ನ ಮುಖಕ್ಕೆ ಅರ್ಧ ಸೋಪು ಹಚ್ಚಿತ್ತು. ಹಾಗೆಯೇ ಎದ್ದು ನಿಂತೆ.

"ಅವನು ಅವತ್ತು ಏನು ತಿಂದಿದ್ದ ಅಂತ ಗೊತ್ತೇನ್ರೋ ನಿಮಗೆ? ಯಾರು ತಿನ್ನಿಸಿದ್ರು ಅಂತ ಗೊತ್ತಾ? ಗೊತ್ತಿಲ್ದೆ ಬೊಗಳ್ಬೇಡಿ!"

ಇನ್ನೂ ಜೋರಾಗಿ ನಕ್ಕರು. ಪೇಪರು ಕಿತ್ತು ಎಸೆದೆ, ಅದನ್ನು ಓದುತ್ತಿದ್ದವನ ಕಾಲರಿಗೂ ಕೈ ಹಾಕಿದೆನಂತೆ. ಜಗಳ ಬಿಡಿಸಿ ಮನೆಗೆ ಕಳಿಸಿದರು.

ಸುದ್ದಿ ನನಗಿಂತ ಮುಂಚೆ ಮನೆಗೆ ಬಂದಿತ್ತು. ಅವ್ವ ಜಗಲಿಯ ಮೇಲೆ ಹುರುಳಿ ಕೇರುತ್ತಾ ಕೂತಿದ್ದಳು. "ಏನೋ ಇದು, ಈ ವಯಸ್ಸಲ್ಲಿ ಬೀದಿ ಜಗಳ? ಆ ಹುಡ್ಗನ ಮಾತು ಯಾಕೆ ಬಂತು?" ಎಂದು ಕೇಳಿದಳು. ಅವನು ಹೇಳಬೇಡಿ ಎಂದಿದ್ದ. ಆದರೆ ನಾನು ಬಾಯಿ ಮುಚ್ಚಿಕೊಂಡಿದ್ದದ್ದು ಅವಳಿಗಾಗಿ ಅಲ್ಲ, ನನಗಾಗಿ. ಕೆನ್ನೆಯ ಸೋಪು ಒರೆಸಿಕೊಳ್ಳುತ್ತಾ ಎಲ್ಲ ಹೇಳಿಬಿಟ್ಟೆ. ಬಾಳೆಹಣ್ಣು, ಕಾರ್ಖಾನೆಯ ಕೆಲಸ, ಎರಡು ತಿಂಗಳು, ಅವಳು ಕೇಳಿದ್ದು, ನಾನು ಸರಿಯಾಗಿದೆ ಎಂದದ್ದು.

ಅವ್ವನ ಕೈಯಲ್ಲಿ ಮೊರ ನಿಂತಿತು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಮೂರನೇದು ಹಾಕುವಾಗ ಅವನು ತಲೆ ಎತ್ತಿ ನಿನ್ ಮುಖ ನೋಡ್ದ" ಎಂದಳು. "ನಿನಗೆ ಉಳ್ದಿದ್ಯೋ ಇಲ್ವೋ ಅಂತ ನೋಡ್ತಾವ್ನೆ ಅಂದ್ಕೊಂಡೆ ಕಣೋ ನಾನು. ಎಂಥ ಒಳ್ಳೇ ಹುಡ್ಗ ಅಂದ್ಕೊಂಡು ಇನ್ನೂ ಒಂದ್ ಚಮಚ ತುಪ್ಪ ಹಾಕ್ದೆ."

ಹುರುಳಿಯನ್ನು ಡಬ್ಬಕ್ಕೆ ಸುರಿದು, ಮೊರ ಗೋಡೆಗೆ ಒರಗಿಸಿ ಒಳಗೆ ಹೋದಳು. ಅಡುಗೆ ಮಾಡಿದಳು, ಅಪ್ಪನಿಗೆ ಬಡಿಸಿದಳು. ಆ ಮಧ್ಯಾಹ್ನ ನನ್ನನ್ನು ಊಟಕ್ಕೆ ಕರೆಯಲಿಲ್ಲ.